ಡಿಪೋ ಮುಂದಿನ ಕತ್ತೆ

ಅತ್ತೆ ಬಸ್ ಡಿಪೋದ ವರ್ಕ್‌ಷಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಅಷ್ಟೂ ವರ್ಷ ಅಲ್ಲಿಗೆ ಅವರೊಬ್ಬರೇ ಹೆಂಗಸು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಹಿತ್ತಿಲಲ್ಲಿ ತಗಡಿನ ಷೆಡ್ಡು ಹಾಕಿಸಿಕೊಂಡರು, ಗುಜರಿಯವನ ರಾಶಿ ಕೆದಕಿ ತುಕ್ಕು ಹಿಡಿದ ಸಾಮಾನು ಆರಿಸಿ ತಂದರು, ಅದನ್ನೆಲ್ಲ ಬೆಸೆದು ಪ್ರಾಣಿ ಪಕ್ಷಿ ಮಾಡತೊಡಗಿದರು. ಸ್ಪಾನರುಗಳ ಕೊಕ್ಕರೆ, ಇಸ್ತ್ರಿಪೆಟ್ಟಿಗೆಯ ಆಮೆ, ಬಾಗಿಲ ಚಿಲಕಗಳ ಮುಳ್ಳುಹಂದಿ. ನೋಡಿದವರು ಮೊದಲು ನಗುತ್ತಿದ್ದರು, ಆಮೇಲೆ ಹತ್ತಿರ ಹೋಗಿ ಮುಟ್ಟಿ ನೋಡುತ್ತಿದ್ದರು.

ಸೊಸೆ ಟೈಲರ್. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಗಂಡ ಲಾರಿ ಓಡಿಸುವವನು. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ಎರಡು ದಿನವೂ ಗೊರಕೆ. ಹಾಗಾಗಿ ಮನೆಯೆಂದರೆ ಅತ್ತೆ ಸೊಸೆ ಇಬ್ಬರೇ. ಮದುವೆಯಾಗಿ ಏಳು ವರ್ಷವಾದರೂ ಅವರ ನಡುವೆ ಒಂದು ಜಗಳವೂ ಆಗಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಬೆಳೆದಿರಲಿಲ್ಲ ಎನ್ನುವುದು ಸರಿ. "ಊಟಕ್ಕೆ ಬನ್ನಿ" ಎಂದರೆ "ಹ್ಞೂಂ." "ಕರೆಂಟ್ ಬಂತಾ?" ಎಂದರೆ "ಬಂತು." ಹೊಸತರಲ್ಲೊಮ್ಮೆ ಅತ್ತೆ ಅವಳ ಕೈ ಹಿಡಿದು ತಿರುಗಿಸಿ ನೋಡಿ, "ನೂಲು ಹಿಡಿಯೋ ಕೈ" ಎಂದಿದ್ದರು. ಹೊಗಳಿಕೆಯೋ ಹಂಗಿಸಿದ್ದೋ ತಿಳಿಯದೆ ಅವಳು ಅದನ್ನು ಹಂಗಿಸಿದ್ದರ ಲೆಕ್ಕಕ್ಕೇ ಹಾಕಿಕೊಂಡಿದ್ದಳು.

ಒಂದು ವರ್ಷದಿಂದ ಅತ್ತೆಗೆ ಸಿಟ್ಟು ಬೇರೆ ಜಾಸ್ತಿಯಾದ ಹಾಗೆ ಅವಳಿಗೆ ಕಾಣುತ್ತಿತ್ತು. ಬಾಯಲ್ಲಿ ಮಾತಿಲ್ಲ, ಅಡುಗೆಮನೆಯಲ್ಲಿ ಮಾತ್ರ ಲೋಟ ಠಣ್ಣೆಂದು ಬೀಳುವುದು, ತಟ್ಟೆ ದಬಾರೆಂದು ಕುಕ್ಕುವುದು. 'ನನ್ನ ಮೇಲಿರೋದನ್ನ ಪಾತ್ರೆ ಮೇಲೆ ತೀರಿಸ್ಕೊಳ್ತಾರೆ' ಎಂದುಕೊಂಡು ಅವಳು ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುವಳು.

ಆ ದಿನಗಳಲ್ಲೇ ಡಿಪೋದಿಂದ ಕೆಲಸ ಬಂತು. ಓಡಿ ಓಡಿ ಸವೆದ ಕೆಲವು ಬಸ್ಸುಗಳನ್ನು ಒಡೆದು ಗುಜರಿಗೆ ಹಾಕುವುದಿತ್ತು. ಅದರ ಸಾಮಾನಿನಿಂದಲೇ ಏನಾದರೂ ಮಾಡಿಸಿ ಪ್ರಯಾಣಿಕರು ಕಾಯುವ ಅಂಗಳದಲ್ಲಿ ನಿಲ್ಲಿಸಬೇಕೆಂದು ಡಿಪೋ ಮ್ಯಾನೇಜರಿನ ಆಸೆ. ಅವನು ಎಳೆಯ ವಯಸ್ಸಿನಲ್ಲಿ ಅತ್ತೆಯ ಕೈಕೆಳಗೆ ಕೆಲಸ ಕಲಿತವನು, ಈಗಲೂ "ಅಮ್ಮ" ಎಂದೇ ಕರೆಯುತ್ತಿದ್ದ.

"ಒಂದು ಸಿಂಹ ಮಾಡ್ಕೊಡಿ ಅಮ್ಮ. ನೋಡಿದ್ರೆ ಗಾಂಭೀರ್ಯ ಇರ್ಬೇಕು."

"ಸಿಂಹ ಯಾವತ್ತು ಯಾರನ್ನ ಹೊತ್ತಿದೆಯಪ್ಪ?" ಎಂದರು ಅತ್ತೆ. "ಬಸ್ಸು ಬೆಳಗಿಂದ ಹೊರುತ್ತೆ, ಬೈಸ್ಕೊಳ್ಳುತ್ತೆ, ಒದೆಸ್ಕೊಳ್ಳುತ್ತೆ, ಮತ್ತೆ ಹೊರುತ್ತೆ. ಕತ್ತೆ ಮಾಡ್ತೀನಿ. ಬೇಕಿದ್ರೆ ಮಾಡಿಸ್ಕೋ."

"ಅಯ್ಯೋ, ಮೇಲಿನವರು ಕೇಳಿದ್ರೆ ಏನನ್ಲಿ?"

"ಕತ್ತೆ ಅಂತ್ಲೇ ಅನ್ನು. ಎದುರಿಗೇ ಅನ್ನೋಕೆ ನಿಂಗೂ ಒಂದು ಅವಕಾಶ ಸಿಕ್ಕ ಹಾಗಾಯ್ತು."

ಮುಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದ ಸೊಸೆಗೆ ನಗು ತಡೆಯಲಾಗದೆ ಸೂಜಿ ಬೆರಳಿಗೆ ಚುಚ್ಚಿತು.

ಎರಡು ಗಾಡಿ ಸಾಮಾನು ಹಿತ್ತಿಲಿಗೆ ಬಂದು ಬಿತ್ತು. ಬಸ್ಸಿನ ಪಟ್ಟಿ ಸ್ಪ್ರಿಂಗುಗಳು ಕತ್ತೆಯ ಪಕ್ಕೆಲುಬಾದವು. ಗೇರ್‌ಬಾಕ್ಸಿನ ಚಿಪ್ಪು ತಲೆಯಾಯಿತು. ನಿಂತವರು ಹಿಡಿದು ಹಿಡಿದು ನುಣುಪಾಗಿದ್ದ ಕಂಬಿಗಳು ಕುತ್ತಿಗೆಯಾದವು. ಬೆನ್ನು ಮಾತ್ರ ಮೂರು ಮಕ್ಕಳು ಹತ್ತಿ ಕೂತರೂ ಜಗ್ಗಬಾರದು ಎಂದು ಅತ್ತೆ ಗಾಡಿಯವನ ಎದುರೂ ಹೇಳಿದ್ದರು, ಗುಜರಿಯವನ ಎದುರೂ ಹೇಳಿದ್ದರು. ತಲೆ, ಕುತ್ತಿಗೆ, ಪಕ್ಕೆ ಮುಗಿದು, ಕತ್ತೆ ಇಟ್ಟಿಗೆಗಳ ಮೇಲೆ ಕಾಲಿಲ್ಲದೆ ಕೂತಿದ್ದಾಗ ಆ ದಿನ ಬಂತು.

ಬೆಳಗ್ಗೆ ಹತ್ತರ ಹೊತ್ತು. ಸೊಸೆ ಒಂದು ಅಂಗಿಯ ಕಾಲರು ತಿರುಗಿಸುತ್ತಿದ್ದಳು. ಹಿಂದಿನಿಂದ ಬರುತ್ತಿದ್ದ ಚರ್ ಚರ್ ಸದ್ದು ನಿಂತು, ಅದರ ಜಾಗದಲ್ಲಿ ಬರೀ ಒಂದು ಗುಂಯ್ ಎನ್ನುವ ಸದ್ದು ಉಳಿಯಿತು. ಏಳು ವರ್ಷ ಆ ಸದ್ದನ್ನು ಕೇಳಿಯೂ ಕೇಳದವಳ ಹಾಗಿದ್ದವಳಿಗೆ ಅದು ಸರಿಯಿಲ್ಲವೆಂದು ಹೇಗೆ ತಿಳಿಯಿತೋ, ಕತ್ತರಿ ಕೈಯಲ್ಲಿ ಹಿಡಿದೇ ಓಡಿದಳು. ಅತ್ತೆ ಮಣೆಯ ಮೇಲೆ ಕತ್ತೆಗೆ ಒರಗಿಕೊಂಡು ಕೂತಿದ್ದರು, ಕಿಡಿ ತಡೆಯುವ ಮುಖವಾಡ ಹಾಕಿದ್ದ ಹಾಗೇ. ಬೆಸೆಯುವ ರಾಡು ಕಬ್ಬಿಣಕ್ಕೆ ಅಂಟಿಕೊಂಡು ಕೆಂಪಾಗುತ್ತಿತ್ತು. ಅವಳು ಸ್ವಿಚ್ಚು ಆರಿಸಿ ಮುಖವಾಡ ಎತ್ತಿದಳು. ಒಂದು ಕಡೆಯ ಬಾಯಿ ಜಾರಿತ್ತು. ಆ ಕಣ್ಣುಗಳಲ್ಲಿ ಅವಳು ಎಂದೂ ಕಾಣದ ಹೆದರಿಕೆ ಇತ್ತು.

ಆಸ್ಪತ್ರೆಯಲ್ಲಿ ಮೂರು ವಾರವಾಯಿತು. ಮಗ ಲಾರಿ ಬೇರೆಯವರಿಗೆ ಒಪ್ಪಿಸಿ ಓಡಿ ಬಂದ, ಒಂದು ತಿಂಗಳು ತಾಯಿಯ ಹಾಸಿಗೆ ಬಿಟ್ಟು ಕದಲಲಿಲ್ಲ. ಅತ್ತೆಗೆ ಮಾತು ಬಂತು, ಸ್ವಲ್ಪ ತೊದಲು. ಕಾಲು ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಮಾತ್ರ ಯಾರದೋ ಕೈ ಹೊತ್ತುಕೊಂಡ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಅವರು ಅದರ ಕಡೆ ನೋಡುತ್ತಲೂ ಇರಲಿಲ್ಲ.

ಮಗ ಮತ್ತೆ ಲಾರಿ ಹತ್ತಿ ಹೋದ ಮಾರನೆಯ ದಿನ ಡಿಪೋ ಮ್ಯಾನೇಜರು ಹಣ್ಣು ಹಿಡಿದುಕೊಂಡು ಬಂದ. ಅದೂ ಇದೂ ಮಾತಾಡಿ, ಕಡೆಗೆ ನೆಲ ನೋಡುತ್ತ ಹೇಳಿದ. "ನೀವೇನೂ ಯೋಚ್ನೆ ಮಾಡ್ಬೇಡಿ ಅಮ್ಮ. ಸಿಮೆಂಟಿಂದು ರೆಡಿಮೇಡ್ ಸಿಂಹ ಸಿಗುತ್ತಂತೆ. ಅದನ್ನೇ ತರಿಸೋಣ ಅಂತ ಮೇಲಿನವರು ಅಂದ್ರು."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಬೆನ್ನು ಮಾತ್ರ ಕಾಣುತ್ತಿತ್ತು. ಡಿಪೋದಲ್ಲಿ ಗಂಡಸರನ್ನೆಲ್ಲ ಗದರಿಸಿ ಕೆಲಸ ತೆಗೆದ ಆ ಅಗಲ ಬೆನ್ನು ಅಷ್ಟು ಸಣ್ಣದಾದದ್ದನ್ನು ನೋಡಿ ಸೊಸೆ ಬಾಗಿಲಿಂದ ಮುಂದೆ ಬಂದಳು.

"ಕತ್ತೆ ಆಗುತ್ತೆ," ಎಂದಳು. "ಮೂರು ತಿಂಗಳು ಟೈಮ್ ಕೊಡಿ."

"ಯಾರು ಮಾಡ್ತಾರೆ?"

"ನಾನು."

ಹೇಳಿದ ಮೇಲೆ ಅವಳ ಕಿವಿಗೇ ಅದು ಯಾರೋ ಹೇಳಿದ ಮಾತಿನ ಹಾಗೆ ಕೇಳಿತು. ಮ್ಯಾನೇಜರು ಅತ್ತೆಯ ಕಡೆ ನೋಡಿದ. ಅತ್ತೆ ನಿಧಾನವಾಗಿ ಈ ಕಡೆ ಹೊರಳಿ, ಸೊಸೆಯನ್ನು ತಲೆಯಿಂದ ಕಾಲಿನ ತನಕ ನೋಡಿ, ತೊದಲು ನಾಲಿಗೆಯಲ್ಲೇ ಕೇಳಿದರು. "ಕಿಡಿ ಹಾರಿದ್ರೆ ಬಾಗಿಲು ಮುಚ್ಕೊಳ್ಳೋಳು ನೀನು. ತಲೆ ಸರಿ ಇದೆಯಾ?"

"ನಿಮ್ದು ಸರಿ ಇದೆಯಲ್ಲ. ಹೇಳ್ಕೊಡಿ."

ಮೊದಲ ವಾರವಿಡೀ ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ಎಳೆದರೆ ಬಾರದು, ಬಿಟ್ಟರೆ ಕೆಂಪಾಗುತ್ತದೆ. ಅಂಟದಿದ್ದರೆ ತಗಡು ತೂತಾಗುತ್ತದೆ. ಅತ್ತೆ ಕುರ್ಚಿಯಲ್ಲಿ ಕೂತು ಎಡಗೈಯ ಬೆತ್ತದಿಂದ ನೆಲ ಕುಟ್ಟುವರು. "ಅದನ್ನ ತಿವೀಬೇಡ್ವೇ! ಬೆಂಕಿಕಡ್ಡಿ ಗೀರಿದ ಹಾಗೆ ಗೀರು. ಹಾಂ, ಈಗ ಎತ್ತು. ಅಷ್ಟೆತ್ತರ ಅಲ್ಲ ಮಾರಾಯ್ತಿ, ಸೊಳ್ಳೆ ನುಸುಳೋವಷ್ಟು." ಬೈಗುಳದ ನಡುವೆ ಒಂದು ದಿನ ಅವಳಿಗೂ ರೇಗಿತು.

"ಒಂದೇ ಸಲಕ್ಕೆ ಉದ್ದಕ್ಕೂ ಹಾಕು ಅಂದ್ರೆ ಎರಡು ತುಂಡೂ ಅಲ್ಲಾಡುತ್ತೆ. ನಾವು ಬಟ್ಟೇಲಿ ಹೀಗ್ ಮಾಡಲ್ಲ. ಮೊದಲು ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕ್ಕೊಂಡು, ಸರಿ ಕೂತಿದೆಯಾ ನೋಡಿ, ಆಮೇಲೆ ಪಕ್ಕಾ ಹೊಲಿಗೆ."

ಅತ್ತೆಯ ಬೆತ್ತ ಗಾಳಿಯಲ್ಲೇ ನಿಂತಿತು. "ಅದನ್ನೇ ಟ್ಯಾಕ್ ಅನ್ನೋದು ಕಣೆ. ನಾನು ಅದನ್ನ ನಿಂಗೆ ಹೇಳೇ ಇಲ್ವಾ?"

"ಇಲ್ಲ."

"ಮೊದಲು ಹೇಳ್ಬೇಕಾದ್ದೇ ಅದು." ಅತ್ತೆ ಬೆತ್ತ ಕೆಳಗಿಳಿಸಿ, "ಕಲಿಸೋಕೆ ನಂಗೂ ಬರ್ಬೇಕಲ್ಲ" ಎಂದರು.

ಅಲ್ಲಿಂದ ಮುಂದೆ ಇಬ್ಬರಿಗೂ ಒಂದು ಭಾಷೆ ಸಿಕ್ಕ ಹಾಗಾಯಿತು. ಎರಡು ತುಂಡು ಕೂಡುವ ಜಾಗ ಹೊಲಿಗೆಯಾಯಿತು. ತಗಡು ಬಗ್ಗಿಸಿ ಮುಚ್ಚುವುದು ಅಂಚು ಮಡಿಸುವುದಾಯಿತು. ಬೆಸುಗೆಯ ಮೇಲೆ ಕಟ್ಟುವ ಕರಿ ಹೊಪ್ಪಳೆಯನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುವಾಗ ಅವಳು "ಕಚ್ಚಾ ದಾರ ಕಿತ್ತೆ" ಎನ್ನುವಳು, ಅತ್ತೆ ಜಾರಿದ ಬಾಯಲ್ಲೇ ನಗುವರು. ಕತ್ತೆಗೆ ಹಿಂದಿನ ಎರಡು ಕಾಲು ಬಂತು. ಇಂಜಿನ್ನಿನ ಪಿಸ್ಟನ್ನುಗಳು ಗೊರಸಾದವು.

ಅದೇ ಉತ್ಸಾಹದಲ್ಲಿ ಅವಳು ಒಂದು ತಪ್ಪು ಮಾಡಿದಳು. ಮುಖವಾಡದ ಕರಿ ಗಾಜಿನಲ್ಲಿ ಕಿಡಿ ಹೊತ್ತುವ ತನಕ ಏನೂ ಕಾಣುವುದಿಲ್ಲ. ಸೂಜಿಯ ತುದಿಯ ಮೇಲೆ ಕಣ್ಣಿಟ್ಟೇ ಅಭ್ಯಾಸವಾದವಳಿಗೆ ಆ ಕತ್ತಲೆ ಸಹಿಸದು. ಒಂದು ಬೆಳಗ್ಗೆ, ಅತ್ತೆ ಇನ್ನೂ ಸ್ನಾನದಲ್ಲಿದ್ದಾಗ, ಮುಖವಾಡ ಅರ್ಧ ಎತ್ತಿಕೊಂಡೇ ಹತ್ತಾರು ಟ್ಯಾಕ್ ಹಾಕಿದಳು. ಆಗೇನೂ ಅನ್ನಿಸಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಣ್ಣೊಳಗೆ ಹಿಡಿ ಮರಳು ಸುರಿದ ಹಾಗಾಯಿತು. ರೆಪ್ಪೆ ತೆರೆದರೆ ಉರಿ, ಮುಚ್ಚಿದರೆ ಇನ್ನೂ ಉರಿ, ಧಾರಾಕಾರ ನೀರು. "ನಂಗೆ ಕಣ್ಣು ಹೋಯ್ತು" ಎಂದು ಗೋಡೆ ಹಿಡಿದು ಕೂತುಬಿಟ್ಟಳು.

"ಗಾಜು ಎತ್ತಿದ್ಯಾ?" ಅತ್ತೆಯ ದನಿ.

"ಹ್ಞೂಂ."

"ಹೋಗಿಲ್ಲ. ನಾಳಿದ್ದಿಗೆ ಸರಿ ಹೋಗುತ್ತೆ. ನಂಗೂ ಆಗಿತ್ತು, ಬೇಕಾದಷ್ಟು ಸಲ. ಉಜ್ಬೇಡ."

ಅತ್ತೆ ಪಕ್ಕದ ಮನೆಯವಳನ್ನು ಕೂಗಿ ಕರೆದು ಡಾಕ್ಟರನ್ನು ಕೇಳಿಸಿ ಕಣ್ಣಿನ ಹನಿ ತರಿಸಿದರು. ಕಿಟಕಿಗಳಿಗೆ ಪರದೆ ಎಳೆದರು. ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ತಣ್ಣೀರಿನ ಬಟ್ಟೆ ಕಣ್ಣ ಮೇಲೆ ಬಂತು, ಬಿಸಿಯಾದಾಗ ಹೋಯಿತು, ಮತ್ತೆ ತಣ್ಣಗಾಗಿ ಬಂತು. ಒಂದು ಸಲ ಬಟ್ಟೆ ಬರುವುದು ತಡವಾಯಿತೆಂದು ಅವಳು ಸಂದಿಯಿಂದ ಇಣುಕಿದಳು. ಒಂದು ಕೈಯಲ್ಲಿ ಬಟ್ಟೆ ಹಿಂಡಲಾಗದೆ ಅತ್ತೆ ಅದರ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಎಡಗೈಯಿಂದ ತಿರುಚುತ್ತಿದ್ದರು. ಗಲ್ಲದಿಂದ ನೀರಿಳಿದು ಮೈ ಬಟ್ಟೆಯೆಲ್ಲ ತೊಯ್ದಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಈಗ ಬಂದ ಕಣ್ಣೀರು ಉರಿಯದ್ದಲ್ಲ.

"ಮೊದಲನೇದು ಯಾವುದು ಮಾಡಿದ್ರಿ?" ಎಂದು ಕೇಳಿದಳು, ಏನಾದರೂ ಮಾತಿರಲೆಂದು.

"ಗುಬ್ಬಿ. ಎರಡು ನಟ್ಟು, ಒಂದು ಚೂರು ಸ್ಪ್ರಿಂಗು." ಬಟ್ಟೆ ನೀರಲ್ಲಿ ಅದ್ದಿದ ಸದ್ದು. "ನಿನ್ನ ಗಂಡ ಆಗ ಮೂರು ವರ್ಷದೋನು. ಅವರಪ್ಪ ಹೋಗಿ ಆರು ತಿಂಗಳಾಗಿತ್ತು. ನಾನು ಕೆಲಸಕ್ಕೆ ಹೊರಟ್ರೆ ಸೆರಗು ಹಿಡ್ಕೊಂಡು ಊರು ಕೇಳೋ ಹಾಗೆ ಅಳೋನು. ಅಲ್ಲೇನೋ ದೊಡ್ಡ ಕೆಲಸ ಅಂದ್ಕೊಂಡಿದ್ದೆ, ನಂಗೆ ಮೊದಲು ಕೊಟ್ಟಿದ್ದು ತುಕ್ಕು ಸಾಮಾನು ವಿಂಗಡಿಸೋದು. ಮಧ್ಯಾಹ್ನ ಗಂಡಸರೆಲ್ಲ ಊಟಕ್ಕೆ ಹೋದಾಗ ನೋಡಿ ನೋಡಿ ಕಲಿತಷ್ಟರಲ್ಲೇ ಕದ್ದು ಆ ಗುಬ್ಬಿ ಬೆಸೆದೆ. 'ನಾನು ದಿನಾ ಇದರ ಊರಿಗೆ ಹೋಗೋದು, ಸಂಜೆ ಬರ್ತೀನಿ' ಅಂತ ಅವನ ಕೈಗೆ ಕೊಟ್ಟೆ."

"ಅಳು ನಿಲ್ತಾ?"

"ಎಲ್ಲಿ! ಕಚ್ಚಿ ಹಲ್ಲು ಮುರ್ಕೊಂಡ. ಅದಕ್ಕೊಂದು ಅಳು."

ಇಬ್ಬರೂ ನಕ್ಕರು. ನಕ್ಕರೆ ಅವಳ ಕಣ್ಣು ಉರಿಯುತ್ತಿತ್ತು, "ನಗಿಸ್ಬೇಡಿ" ಎಂದು ಮತ್ತೆ ನಗುತ್ತಿದ್ದಳು.

ಕಣ್ಣು ಸರಿಹೋದ ಮೇಲೆ ಮುಂದಿನ ಕಾಲುಗಳಿಗೆ ಕೈ ಹಾಕಿದಳು. ಕಾಲು ಕೂರಿಸಲೆಂದು ಕುತ್ತಿಗೆಯ ಬುಡದ ಮೇಲಿದ್ದ ಒಂದು ಹೊಪ್ಪಳೆಯನ್ನು ಸುತ್ತಿಗೆಯಿಂದ ಹಗುರಾಗಿ ತಟ್ಟಿದಳು, ಅಷ್ಟೆ. ಕತ್ತೆಯ ಕೆಳದವಡೆ ಕಳಚಿ ಠಣಾರೆಂದು ನೆಲಕ್ಕೆ ಬಿತ್ತು.

ಅವಳಿಗೆ ಜೀವವೇ ಹಾರಿತು. "ನಾನು ಮುಟ್ಟೇ ಇಲ್ಲ ಅತ್ತೆ! ಕುತ್ತಿಗೆ ಬುಡದಲ್ಲಿ ತಟ್ಟಿದ್ದು!"

"ಇಲ್ಲಿ ಕೊಡು," ಎಂದರು ಅತ್ತೆ.

ದವಡೆಯನ್ನು ಮಡಿಲಲ್ಲಿಟ್ಟುಕೊಂಡು ಬಿಟ್ಟ ಜಾಗದ ಮೇಲೆ ಎಡಗೈ ಹೆಬ್ಬೆರಳು ಆಡಿಸಿದರು. ಬೆಸುಗೆ ಮೇಲೆ ನುಣ್ಣಗೆ, ಮುತ್ತು ಪೋಣಿಸಿದ ಹಾಗಿತ್ತು. ಒಳಗೆ ಕಬ್ಬಿಣಕ್ಕೆ ಹಿಡಿದೇ ಇರಲಿಲ್ಲ. ಎಲೆಯ ಮೇಲೆ ನೀರು ಕೂತ ಹಾಗೆ ಕೂತಿತ್ತು. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ದವಡೆ ಅಲ್ಲೇ ಇಟ್ಟು, ಬೆತ್ತ ಊರಿಕೊಂಡು ಎದ್ದು ಒಳಗೆ ಹೋದರು. ಆ ದಿನ ಷೆಡ್ಡಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಮೂರನೆಯ ದಿನ ಸೊಸೆ ಕಾಫಿ ಲೋಟ ಹಿಡಿದು ಹೋಗಿ ಮಂಚದ ತುದಿಯಲ್ಲಿ ಕೂತಳು. ಅತ್ತೆಯೇ ಬಾಯಿ ಬಿಟ್ಟರು.

"ಒಂದು ವರ್ಷದಿಂದ ಈ ಕೈಯಲ್ಲಿ ಜೋಮು ಹಿಡೀತಿತ್ತು. ರಾಡು ಹಿಡಿದ್ರೆ ನಡುಗೋದು. ಬೇಗ ಬೇಗ ಮುಗಿಸಿಬಿಡ್ತಿದ್ದೆ, ಯಾರಿಗೂ ಗೊತ್ತಾಗ್ದೇ ಇರ್ಲಿ ಅಂತ. ಹಾಗೆ ಹಾಕಿದ ಬೆಸುಗೆ ಅದು. ಮಕ್ಕಳು ಹತ್ತೋ ಕತ್ತೆಗೆ ಹಾಗೆ ಹಾಕಿದೀನಿ ನೋಡು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಷೆಡ್ಡಿಗೆ ಬೀಗ ಹಾಕ್ತಿದ್ರಿ. ಲೋಟ ಹಿಡಿದ್ರೆ ಬೀಳೋದು, ತಟ್ಟೆ ಹಿಡಿದ್ರೆ ಬೀಳೋದು. ನೀನು ಕೇಳ್ತೀಯೇನೋ ಅಂತ ದಿನಾ ಹೆದರ್ಕೊಂಡೇ ಇರ್ತಿದ್ದೆ. ನೀನು ಕೇಳ್ಲಿಲ್ಲ. ಒಳ್ಳೇದಾಯ್ತು ಅಂದ್ಕೊಂಡೆ."

ಸೊಸೆಗೆ ಆ ಪಾತ್ರೆಗಳ ಸದ್ದು ಒಂದೊಂದೂ ಕಿವಿಯಲ್ಲಿ ಮತ್ತೆ ಕೇಳಿತು. "ನಾನು ಅದು ನನ್ನ ಮೇಲಿನ ಸಿಟ್ಟು ಅಂದ್ಕೊಂಡಿದ್ದೆ," ಎಂದಳು.

ಅತ್ತೆ ಬೆಚ್ಚಿ ನೋಡಿದರು. "ನಿನ್ ಮೇಲಾ? ನೀನೇನು ಮಾಡಿದ್ದೆ ಸಿಟ್ಟಾಗೋಕೆ?"

"ನಂಗೇನು ಗೊತ್ತು? ಅದನ್ನೇ ಒಂದು ವರ್ಷದಿಂದ ಹುಡುಕ್ತಿದ್ದೆ."

ಅತ್ತೆಯ ಎಡಗೈ ಹೊದಿಕೆಯ ಮೇಲಿಂದ ಸರಿದು ಬಂದು ಅವಳ ಕೈಯ ಮೇಲೆ ಕೂತಿತು. ಬೆರಳ ತುದಿಯಲ್ಲಿ ಸಣ್ಣ ಸುಟ್ಟ ಗುಳ್ಳೆಗಳನ್ನು ಒಂದೊಂದಾಗಿ ತಡವಿ, "ಎಷ್ಟೊಂದು ಸುಟ್ಕೊಂಡಿದೀಯೇ" ಎಂದರು ಅತ್ತೆ, ಬೈಯುವ ಹಾಗೆ.

"ಕಾಫಿ ಕುಡೀರಿ. ಆಮೇಲೆ ಷೆಡ್ಡಿಗೆ ಬನ್ನಿ. ನಿನ್ನೆ ಎಲ್ಲಾ ಕಡೆ ತಟ್ಟಿ ನೋಡಿದೀನಿ. ಇನ್ನೂ ಹತ್ತು ಜಾಗ ಹಿಡಿದಿಲ್ಲ. ಚಾಕಿನಲ್ಲಿ ಗುರುತು ಹಾಕಿಟ್ಟಿದೀನಿ."

"ಹತ್ತಾ!"

"ಅದಕ್ಕೇನೀಗ? ಬಿಚ್ಚಿ ಹೊಲಿಯೋದು ಟೈಲರಿಗೆ ದಿನಾ ಇರೋ ಕೆಲಸ. ಆದ್ರೆ ನೀವು ಕುರ್ಚೀಲಿ ಕೂತು ಬೈತಿದ್ರೇನೇ ನಂಗೆ ಧೈರ್ಯ."

ಅತ್ತೆ ಬಂದರು. ಹತ್ತೂ ಜಾಗದ ಬೆಸುಗೆಯನ್ನು ಉಜ್ಜಿ ತೆಗೆದು, ಕಬ್ಬಿಣವನ್ನು ಮೊದಲು ಚೆನ್ನಾಗಿ ಬೆಚ್ಚಗೆ ಮಾಡಿ, ನಿಧಾನವಾಗಿ ಹೊಸದಾಗಿ ಹಾಕಿದರು. ಹಾಕಿದ್ದು ಸೊಸೆಯ ಕೈ. ಎಲ್ಲಿ ನಿಲ್ಲಬೇಕು, ಎಲ್ಲಿ ಸರಿಯಬೇಕು ಎನ್ನುವುದು ಅತ್ತೆಯ ಬಾಯಿ. ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. "ಈಗ ಎಣ್ಣೇಲಿ ಏನೋ ಹುರೀತಿರೋ ಹಾಗೆ ಕೇಳ್ತಿದೆಯಲ್ಲ, ಅದೇ ಸರಿ, ಅದನ್ನ ಬಿಡ್ಬೇಡ." ಒಂದು ವಾರಾಂತ್ಯ ಮನೆಗೆ ಬಂದ ಗಂಡ ಚೀಲ ಹೆಗಲಲ್ಲಿಟ್ಟುಕೊಂಡೇ ಷೆಡ್ಡಿನ ಬಾಗಿಲಲ್ಲಿ ನಿಂತ. ಒಳಗೆ ಅವನ ತಾಯಿಯೂ ಹೆಂಡತಿಯೂ ಕತ್ತೆಯ ಬಾಲ ಎಷ್ಟುದ್ದ ಇರಬೇಕೆಂದು ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದರು. ಅವನು ಒಂದು ಕ್ಷಣ ನೋಡಿ, "ನಾನು ಸರಿಯಾದ ಮನೆಗೇ ಬಂದಿದೀನಾ?" ಎಂದ. "ಬಾಲ ಹಿಡ್ಕೋ ಬಾ" ಎಂದರು ತಾಯಿ.

ಕತ್ತೆಯನ್ನು ನಿಲ್ಲಿಸುವ ದಿನ ಡಿಪೋ ಅಂಗಳದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಕ್ರೇನು ಅದನ್ನು ಎತ್ತಿ ಕಟ್ಟೆಯ ಮೇಲೆ ಇಳಿಸಿತು. ತಲೆ ಸ್ವಲ್ಪ ಓರೆ ಮಾಡಿಕೊಂಡು, ಇನ್ನೂ ಯಾರಾದರೂ ಬರುವವರಿದ್ದಾರಾ ಎಂದು ನೋಡುವ ಹಾಗೆ ಅದು ನಿಂತಿತ್ತು. ಡ್ರೈವರುಗಳು ತಮ್ಮ ತಮ್ಮ ಬಸ್ಸಿನ ಸಾಮಾನು ಗುರುತು ಹಿಡಿಯುತ್ತ ಅದರ ಸುತ್ತ ತಿರುಗಿದರು. "ಲೇ, ಈ ಕಂಬಿ ನನ್ ಗಾಡೀದು ಕಣೋ, ಈ ಸೊಟ್ಟ ನಾನೇ ಮಾಡಿದ್ದು!" ಮ್ಯಾನೇಜರು ಎರಡು ಮಾತಾಡಿ, ಇದನ್ನು ಮಾಡಿದವರು ಎಂದು ಅತ್ತೆಯ ಕಡೆ ಕೈ ತೋರಿಸಿದ. ಅತ್ತೆ ಕುರ್ಚಿಯಿಂದೇಳದೆ ತಮ್ಮ ಪಕ್ಕಕ್ಕೆ ಬೆತ್ತ ತೋರಿಸಿದರು. "ಅರ್ಧ ನಾನು, ಅರ್ಧ ಇವಳು. ಗಟ್ಟಿಯಾಗಿರೋ ಅರ್ಧ ಇವಳದು."

ಅಷ್ಟರಲ್ಲಿ ಮಕ್ಕಳು ಕಟ್ಟೆ ಹತ್ತಿದ್ದರು. ಬೆನ್ನ ಮೇಲೆ ಮೂರು ಕೂತವು. ಮತ್ತೆರಡು ಹತ್ತಿದವು. ಅವುಗಳ ಜೊತೆ ಫೋಟೋ ತೆಗೆಸಿಕೊಳ್ಳಲೆಂದು ಆನೆಮರಿಯಂಥ ಕಂಡಕ್ಟರನೊಬ್ಬ ಹಿಂದಿನಿಂದ ಏರಿ ಕೂತೇಬಿಟ್ಟ. ಸೊಸೆಯ ಕಣ್ಣು ಬೆನ್ನಿನ ಬೆಸುಗೆಯ ಮೇಲೆ ನೆಟ್ಟಿತ್ತು. ಕೈ ಮುಷ್ಟಿ ಕಟ್ಟಿತ್ತು. ಸ್ಪ್ರಿಂಗುಗಳು ಒಮ್ಮೆ ಕಿರ್ರೆಂದವು.

ಅತ್ತೆ ಅವಳ ಮೊಣಕೈ ಜಗ್ಗಿದರು. "ಹೊಲಿಗೆ ಬಿಡಲ್ಲ. ನೀನು ಉಸಿರು ಬಿಡು."

ಅವಳು ಉಸಿರು ಬಿಟ್ಟಳು.

ಮನೆಗೆ ಬಸ್ಸಿನಲ್ಲೇ ಮರಳಿದರು. ಅತ್ತೆಗೆ ಕಿಟಕಿ ಪಕ್ಕ ಸೀಟು. ಎರಡು ಸ್ಟಾಪು ಕಳೆದ ಮೇಲೆ ಅವರು ಏನೋ ತೀರ್ಮಾನ ಮಾಡಿದವರ ಹಾಗೆ, "ಮುಂದಿನದು ಒಂಟೆ" ಎಂದರು. "ಡಿಪೋದಲ್ಲಿ ಇನ್ನೂ ಎಂಟು ಪಟ್ಟಿ ಸ್ಪ್ರಿಂಗು ಬಿದ್ದಿದೆ. ಡುಬ್ಬಕ್ಕೆ ಸರಿಯಾಗುತ್ತೆ."

"ಬೇಡ," ಎಂದಳು ಸೊಸೆ. "ಬಾತುಕೋಳಿ ಮಾಡೋಣ. ಹಿಂದೆ ಸಾಲಾಗಿ ಮರಿ ಹೋಗ್ತಿರೋ ಹಾಗೆ."

"ಬಾತುಕೋಳೀಲಿ ಏನಿದೆ ಕೆಲಸ?"

"ಒಂಟೆ ನೋಡಿದೀರಾ ನೀವು?"

"ನೀನು ನೋಡಿದೀಯಾ?"

ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ಇಬ್ಬರೂ ಅವರನ್ನು ಗಮನಿಸಲಿಲ್ಲ. ಇಳಿಯಬೇಕಾದ ಸ್ಟಾಪು ಬಂದು, ಕಂಡಕ್ಟರು ಎರಡು ಸಲ ಕೂಗಿದ ಮೇಲೆ, ಸೊಸೆ ಅತ್ತೆಯ ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿದಳು. ಮೆಟ್ಟಿಲಿಳಿಯುವಾಗಲೂ ಅತ್ತೆ ಅವಳ ಹೆಗಲ ಮೇಲೆ ಪೂರ್ತಿ ಭಾರ ಹಾಕಿಕೊಂಡೇ ಒಂಟೆಯ ಕುತ್ತಿಗೆಯ ವಿಷಯ ಹೇಳುತ್ತಿದ್ದರು.